ವಿಮಾನದ ಹಿಡಿಯೂ ನಮ್ಮ ಮಾಮಿಯೂ

ಕೆಲವರ ಕೆಲಸವನ್ನು ಒಂದೇ ಶಬ್ದದಲ್ಲಿ ಹೇಳಿ ಮುಗಿಸಬಹುದು. ಅಂಥವರು ಪುಣ್ಯವಂತರು. ನಮ್ಮ ಬಾಪನ ಕೆಲಸ ಲಾರಿ. ಅಣ್ಣ ನೌಫಲನದು ಗಲ್ಫ್. ಅಲ್ಲಿ ಅವನು ಏನು ಮಾಡುತ್ತಾನೆಂದು ಇಷ್ಟು ವರ್ಷಗಳಲ್ಲಿ ಯಾರೂ ಕೇಳಿದ್ದಿಲ್ಲ, ಕೇಳುವ ಅಗತ್ಯವೂ ಬಿದ್ದಿಲ್ಲ. ನನ್ನ ಗಂಡ ಶರೀಫರಿಗೆ ಬಿ.ಸಿ. ರೋಡಿನಲ್ಲಿ ಚಪ್ಪಲಿ ಅಂಗಡಿ. ನನ್ನ ಕೆಲಸವನ್ನು ಮಾತ್ರ ವಿವರಿಸಲು ಮೂರು ನಾಲ್ಕು ವಾಕ್ಯಗಳು ಬೇಕು, ಮತ್ತು ಕೊನೆಯ ವಾಕ್ಯ ಮುಗಿಯುವ ಹೊತ್ತಿಗೆ ಕೇಳಿದವರ ಮುಖದಲ್ಲಿ ಮೊದಲಿದ್ದ ಗೌರವವೂ ಉಳಿದಿರುವುದಿಲ್ಲ. ನಾನು ಜಾಯ್‌ಸ್ಟಿಕ್ ವಿನ್ಯಾಸ ಮಾಡುವವಳು. ಅಂದರೆ, ಕಂಪ್ಯೂಟರಿನ ಪರದೆಯ ಮೇಲೆ ವಿಮಾನ ಹಾರಿಸುವವರು ಕೈಯಲ್ಲಿ ಹಿಡಿದುಕೊಳ್ಳುವ ಹಿಡಿ. ಆ ವಿಮಾನ ನಿಜವಾದದ್ದಲ್ಲ. ಹಿಡಿ ನಿಜವಾದದ್ದು.

ಇದಕ್ಕೆ ಬಿ.ಇ. ಬೇಕಿತ್ತೇ ಎಂದು ಕೇಳಬೇಡಿ. ನಮ್ಮ ಕುಟುಂಬದಲ್ಲಿ ಪದವಿ ಎಂಬುದನ್ನು ಮೊದಲು ಮನೆಯೊಳಗೆ ತಂದವಳು ನಾನು. ಉಮ್ಮ ಬೀಡಿ ಕಟ್ಟಿದ್ದು, ಬಾಪ ಚಾರ್ಮಾಡಿ ಘಾಟಿಯಲ್ಲಿ ಲಾರಿ ಹತ್ತಿಸಿದ್ದು, ನಾನು ಲಾಯಿಲದಿಂದ ಕಾಲೇಜಿಗೆ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಓದಿದ್ದು, ಇದನ್ನೆಲ್ಲ ನಾನು ಮರೆಯುವವಳಲ್ಲ. ಬೇರೆಯವರಿಗೆ ಮರೆಯಲು ಬಿಡುವವಳೂ ಅಲ್ಲ. ಮದುವೆಯಾಗಿ ಬಂಟ್ವಾಳಕ್ಕೆ ಬಂದಾಗ ಸರ್ಟಿಫಿಕೇಟಿಗೆ ಗಾಜು ಹಾಕಿಸಿ ಚಾವಡಿಯ ಗೋಡೆಗೆ ತೂಗುಹಾಕಿದೆ. ನಮ್ಮ ಮಾಮಿ, ಅಂದರೆ ಶರೀಫರ ತಾಯಿ, ಅದರ ಧೂಳು ಒರೆಸುವಾಗಲೆಲ್ಲ "ಇದರಲ್ಲಿ ಫೋಟೋ ಎಂತಕ್ಕೆ ಇಲ್ಲ?" ಎಂದು ಕೇಳುತ್ತಾರೆ. ಫೋಟೋ ಇಲ್ಲದ ಕಾಗದವನ್ನು ಅವರು ನಂಬುವುದಿಲ್ಲ. ರೇಷನ್ ಕಾರ್ಡಿನಲ್ಲೂ ಫೋಟೋ ಉಂಟಲ್ಲ ಎಂಬುದು ಅವರ ವಾದ.

ಕೆಲಸ ಸಿಕ್ಕಿದ್ದು ಮೂಡುಬಿದಿರೆಯಿಂದ ಬೆಳುವಾಯಿಗೆ ಹೋಗುವ ದಾರಿಯ ಒಂದು ತಗಡಿನ ಶೆಡ್ಡಿನಲ್ಲಿ. ಯಜಮಾನರು ದಿನೇಶಣ್ಣ. ಅವರು ಮೂಲತಃ ಕುಕ್ಕರಿನ ಹಿಡಿ ಮಾಡುವವರು. ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಹುಚ್ಚು ದೇಶದಲ್ಲಿ ಹೆಚ್ಚಾಗಿದೆ, ಹೊರಗಿನಿಂದ ಬರುವ ಜಾಯ್‌ಸ್ಟಿಕ್ಕಿಗೆ ವಿಪರೀತ ಕ್ರಯ ಎಂದು ಯಾರೋ ಅವರ ಕಿವಿಗೆ ಹಾಕಿದರು. ಹಿಡಿ ಎಂದ ಮೇಲೆ ಹಿಡಿಯೇ, ಮಾಡುವ ಎಂದು ಅವರು ಇಳಿದುಬಿಟ್ಟರು. ಇಳಿದ ಮೇಲೆ ಗೊತ್ತಾಯಿತು, ಈ ಹಿಡಿಯ ಹೊಟ್ಟೆಯೊಳಗೆ ದೊಡ್ಡ ಸಂಸಾರವೇ ಉಂಟು ಎಂದು. ಕಡ್ಡಿಯ ಬುಡದಲ್ಲಿ ಒಂದರೊಳಗೊಂದು ಎರಡು ಚೌಕಟ್ಟುಗಳು, ಒಂದು ಎಡಬಲಕ್ಕೆ ವಾಲಲು, ಇನ್ನೊಂದು ಹಿಂದೆಮುಂದೆ. ಕೈಬಿಟ್ಟರೆ ನೆಟ್ಟಗೆ ನಿಲ್ಲಲು ಸ್ಪ್ರಿಂಗುಗಳು. ಎಷ್ಟು ವಾಲಿತೆಂದು ಕಂಪ್ಯೂಟರಿಗೆ ತಿಳಿಸಲು ಸೆನ್ಸರ್. ಅಗ್ಗದ ಸೆನ್ಸರ್ ಹಾಕಿದರೆ ಹಳೆಯ ರೇಡಿಯೋದ ವಾಲ್ಯೂಮ್ ಗುಂಡಿಯಂತೆ ಒಳಗೊಳಗೇ ಸವೆಯುತ್ತದೆ. ವಿಮಾನ ಯಾರೂ ಮುಟ್ಟದೆ ಎಡಕ್ಕೆ ವಾಲತೊಡಗುತ್ತದೆ. ಅಯಸ್ಕಾಂತದ ಸೆನ್ಸರ್ ಸವೆಯುವುದಿಲ್ಲ, ಆದರೆ ದಿನೇಶಣ್ಣನ ರಕ್ತದೊತ್ತಡ ಏರುತ್ತದೆ. ಇನ್ನು ಇವೆಲ್ಲದರ ಪ್ಲಾಸ್ಟಿಕ್ ಭಾಗಗಳಿಗೆ ಒಂದೊಂದು ಅಚ್ಚು. ಅಚ್ಚಿನ ಖರ್ಚು ಸಾವಿರಾರು ಪೀಸುಗಳ ಮೇಲೆ ಹಂಚಿಹೋದರೆ ಅದು ಕಾಣುವುದಿಲ್ಲ. ನಮ್ಮಲ್ಲಿ ಅದು ಚೆನ್ನಾಗಿ ಕಾಣುತ್ತಿತ್ತು.

"ಒಂದು ಹಿಡಿಗೆ ಇಷ್ಟು ಖರ್ಚಾ ಮಾರಾಯ್ತಿ?" ಎಂದು ದಿನೇಶಣ್ಣ ವಾರಕ್ಕೊಮ್ಮೆಯಾದರೂ ಕೇಳುತ್ತಿದ್ದರು. "ಕುಕ್ಕರಿನ ಹಿಡಿಗೆ ಎರಡು ಸ್ಕ್ರೂ ಸಾಕು. ಅದು ಬೆಂಕಿ ತಡೀತದೆ, ಆವಿ ತಡೀತದೆ. ನಿನ್ನದು ಏಸಿ ರೂಮಲ್ಲಿ ಕೂತಲ್ಲೇ ಮುರೀತದೆ."

ಮುರಿಯುತ್ತಿದ್ದದ್ದು ನಿಜ. ಮಾರಿದ ಪೀಸುಗಳು ಒಂದೊಂದಾಗಿ ತವರಿಗೆ ಬರತೊಡಗಿದವು. ಎಲ್ಲವೂ ಒಂದೇ ಕಡೆ, ಕಡ್ಡಿಯ ಕುತ್ತಿಗೆಯ ಕೆಳಗೆ, ಚೌಕಟ್ಟು ಬುಡದ ಪೆಟ್ಟಿಗೆಗೆ ಸೇರುವ ಜಾಗದಲ್ಲಿ ಕಿತ್ತುಹೋಗಿದ್ದವು. ನಾನು ಬಹಳ ಯೋಚಿಸಿ, ಗಿರಾಕಿಗಳು ಹಾರಾಟದ ಆವೇಶದಲ್ಲಿ ಮಿತಿಮೀರಿ ಎಳೆಯುತ್ತಿದ್ದಾರೆ, ಆದ್ದರಿಂದ ಚೌಕಟ್ಟನ್ನು ಅಲ್ಯೂಮಿನಿಯಮ್ಮಿನಲ್ಲಿ ಮಾಡಬೇಕು ಎಂದು ವರದಿ ಕೊಟ್ಟೆ. ದಿನೇಶಣ್ಣ ನೈಲಾನಿನಲ್ಲಿ ಮಾಡು ಎಂದರು. ನೈಲಾನ್ ಎಂದರೆ ಬಟ್ಟೆ ಒಣಹಾಕುವ ಹಗ್ಗ ಎಂದು ನಾನು ಹೇಳಿದೆ. ಸ್ವಲ್ಪ ಜೋರಾಗಿಯೇ ಹೇಳಿದೆನೆಂದು ಕಾಣುತ್ತದೆ.

"ಆಯ್ತು, ಎರಡೂ ಮಾಡು," ಎಂದರು ಅವರು. "ಸೋಮವಾರ ತೀರ್ಮಾನ ಮಾಡುವ. ಮುರಿಯದ ಪೀಸು ಬೇಕು, ಖರ್ಚು ಈಗಿನದ್ದಕ್ಕಿಂತ ಮೇಲೆ ಹೋಗ್ಬಾರ್ದು. ಇಲ್ಲದಿದ್ರೆ ನಾವು ಪುನಃ ಕುಕ್ಕರಿಗೇ ಹೋಗುವ."

'ನಾವು' ಎಂದರೆ ಅವರು. ಕುಕ್ಕರಿನ ಹಿಡಿಗೆ ಇಂಜಿನಿಯರ್ ಬೇಡ ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಗಟ್ಟಿತನ ಪರೀಕ್ಷಿಸಲು ಯಂತ್ರ ಬರುತ್ತದೆ. ಅದು ಹಗಲಿಡೀ ಜಾಯ್‌ಸ್ಟಿಕ್ಕನ್ನು ಬೇಸರವಿಲ್ಲದೆ ಅಲ್ಲಾಡಿಸುತ್ತದೆ. ಅದರ ಕ್ರಯಕ್ಕೆ ನಮ್ಮ ಶೆಡ್ಡನ್ನು ಜಾಗದ ಸಮೇತ ಕೊಂಡುಕೊಳ್ಳಬಹುದು. ಆದ್ದರಿಂದ ಶನಿವಾರ ಸಂಜೆ ಎರಡು ಪೀಸುಗಳನ್ನೂ ಮನೆಗೆ ತಂದು, ಊಟದ ಮೇಜಿನ ಮೇಲೆ ಲ್ಯಾಪ್‌ಟಾಪಿನ ಎರಡು ಬದಿಗೆ ಕೂರಿಸಿದೆ. ಕೂರಿಸಿದೆ ಎನ್ನುವುದಕ್ಕಿಂತ ನೆಟ್ಟೆ ಎನ್ನಬೇಕು. ಬುಡದ ನಾಲ್ಕು ಮೂಲೆಗೂ ಗಾಳಿ ಹೀರಿ ಕಚ್ಚುವ ರಬ್ಬರಿನ ಬಟ್ಟಲುಗಳಿದ್ದವು. ಒಮ್ಮೆ ಕೂತರೆ ಮೇಜು ಅಲ್ಲಾಡಬೇಕೇ ಹೊರತು ಜಾಯ್‌ಸ್ಟಿಕ್ ಅಲ್ಲಾಡದು. ಮೊದಲ ಪೀಸಿನಿಂದಲೇ ಇದ್ದ ಆ ಬಟ್ಟಲುಗಳು ಪೂರ್ತಿ ನನ್ನ ಸ್ವಂತ ಯೋಚನೆ. ಬಯೋಡೇಟಾದಲ್ಲಿ ಅವಕ್ಕೆ ಪ್ರತ್ಯೇಕ ಸಾಲು ಕೊಟ್ಟಿದ್ದೆ.

ಭಾನುವಾರ ನಮ್ಮಲ್ಲಿ ಊಟ. ಗಲ್ಫಿಗೆ ಹಿಂತಿರುಗುವವರನ್ನು ನಂಟರೆಲ್ಲ ಸರದಿಯಲ್ಲಿ ಕರೆದು ಉಣ್ಣಿಸುವ ಪದ್ಧತಿ ನಮ್ಮದು. ರಜೆಯ ಕೊನೆಯ ವಾರ ಅವರು ಹೊಟ್ಟೆ ಹಿಡಿದುಕೊಂಡೇ ತಿರುಗುತ್ತಾರೆ. ನೌಫಲನ ಜತೆ ಲಾಯಿಲದಿಂದ ಬಾಪನೂ ಬಂದರು. ನಾನು ಬಾಪನನ್ನು ಅಲ್ಯೂಮಿನಿಯಮ್ಮಿನ ಪೀಸಿನ ಎದುರು ಕೂರಿಸಿದೆ. ಅವರು ಎಡಗೈಯಲ್ಲಿ ಹಿಡಿ ಹಿಡಿದು, ಮೇಜಿನಡಿ ಕಾಲಲ್ಲಿ ಕ್ಲಚ್ಚು ಹುಡುಕಿ, ಸಿಗದೆ, ನೆಲವನ್ನೇ ಒತ್ತಿ ಗೇರು ಹಾಕಿದರು. ವಿಮಾನ ಓಡುದಾರಿಯಲ್ಲಿ ಹೊರಟಿತು. ಏಳಲಿಲ್ಲ. ಬಾಪ ಅದನ್ನು ಬದಿಗೆ ಹಿಡಿದು, ಎದುರಿನವರಿಗೆ ಜಾಗ ಬಿಟ್ಟು, ಕ್ರಮವಾಗಿ ಓಡಿಸಿದರು.

"ರಿವರ್ಸ್ ಎಲ್ಲಿ ಉಂಟು ಇದರಲ್ಲಿ?"

"ಇದರಲ್ಲಿ ರಿವರ್ಸ್ ಇಲ್ಲ ಬಾಪ."

"ಮತ್ತೆ ತಿರುವಿನಲ್ಲಿ ಎದುರು ಬಸ್ಸು ಬಂದ್ರೆ?"

"ಆಕಾಶದಲ್ಲಿ ಎಂತ ಬಸ್ಸು?"

"ಅದು ನಿನಗೆ ಗೊತ್ತಿಲ್ಲ," ಎಂದರು ಬಾಪ, ಘಾಟಿ ದಾರಿಯ ಎಕ್ಸ್‌ಪ್ರೆಸ್ ಬಸ್ಸಿನವರನ್ನು ಬಲ್ಲವರ ಗಾಂಭೀರ್ಯದಲ್ಲಿ. ಹಾರ್ನ್ ಕೂಡ ಇಲ್ಲವೆಂದು ತಿಳಿದ ಮೇಲೆ ಅವರು ಗಾಡಿಯಿಂದ ಇಳಿದುಬಿಟ್ಟರು.

ನೌಫಲನ ಚಿಂತೆ ಬೇರೆ ಇತ್ತು. ಹಿಡಿಯನ್ನು ಬೆರಳಲ್ಲಿ ಕುಟ್ಟಿ ನೋಡಿ, ಮೆಲ್ಲಗೆ ಕೇಳಿದ: "ಮಿಸ್ರಿಯಾ, ನಿಜ ಹೇಳು. ನಿಮ್ಮ ಈ ಪ್ಲಾಸ್ಟಿಕ್ಕು ಯಾವ ವಿಮಾನಕ್ಕೆ ಹೋಗ್ತದೆ? ನನ್ನದು ಬುಧವಾರ ಟಿಕೆಟ್ ಉಂಟು."

ಇದು ಆಟದ ವಿಮಾನಕ್ಕೆ ಎಂದು ಎಷ್ಟು ಹೇಳಿದರೂ ಅವನು ನಂಬಲಿಲ್ಲ. ಕಂಪೆನಿಯ ಗುಟ್ಟು ಬಿಟ್ಟುಕೊಡದವಳೆಂದು ಮೆಚ್ಚಿಕೊಂಡ, ಅಷ್ಟೆ.

ಊಟವಾಯಿತು. ಗಂಡಸರು ಚಾವಡಿಗೆ ಹೋದರು. ನಾನು ಪಾತ್ರೆ ಒಳಗಿಡುತ್ತಿದ್ದೆ. ಮಾಮಿ ಒದ್ದೆ ಬಟ್ಟೆ ಹಿಡಿದು ಮೇಜಿನ ಕಡೆ ಹೋದರು. ಸ್ವಲ್ಪ ಹೊತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತರು. ಬಲಗೈಯಲ್ಲಿ ಅಲ್ಯೂಮಿನಿಯಮ್ಮಿನ ಜಾಯ್‌ಸ್ಟಿಕ್ ಇತ್ತು. ಬುಡದ ಪೆಟ್ಟಿಗೆ ಮೇಜಿನ ಮೇಲೇ ಉಳಿದಿತ್ತು. ಕಡ್ಡಿಯ ಬುಡದಿಂದ ಚೌಕಟ್ಟು, ಸ್ಪ್ರಿಂಗು, ವಯರು ಎಲ್ಲ ಬೇರಿನಂತೆ ಜೋತಾಡುತ್ತಿದ್ದವು.

"ಮಿಸ್ರಿಯಾ, ಇದು ಬಂತು," ಎಂದರು, ಮರಗೆಣಸು ಕಿತ್ತವರ ಸ್ವರದಲ್ಲಿ.

"ಅದನ್ನು ಎಂತಕ್ಕೆ ಎಳೆದದ್ದು ಮಾಮಿ?"

"ಮೇಜು ಒರೆಸ್ಬೇಡ್ವಾ?"

"ಬುಡ ಹಿಡಿದು ತೆಗೀಬಹುದಿತ್ತಲ್ಲ?"

"ಹಿಡಿ ಇರುವಾಗ ಬುಡ ಯಾರು ಹಿಡೀತಾರೆ?"

ಹಿಂತಿರುಗಿ ಬಂದ ಪೀಸುಗಳೆಲ್ಲ ಕಣ್ಣಮುಂದೆ ಸಾಲಾಗಿ ಬಂದವು, ಎಲ್ಲವೂ ಹೀಗೆಯೇ ಬೇರು ಸಮೇತ. ಗಿರಾಕಿಗಳು ಆಕಾಶದಲ್ಲಿ ಏನನ್ನೂ ಮುರಿದಿರಲಿಲ್ಲ. ವಿಮಾನವನ್ನು ಸುರಕ್ಷಿತವಾಗಿ ಇಳಿಸಿ ಎದ್ದುಹೋಗಿದ್ದರು. ಆಮೇಲೆ ದೇಶದ ಯಾವುದೋ ಮೂಲೆಯಲ್ಲಿ ಯಾರದೋ ತಾಯಿ ಮೇಜು ಒರೆಸಲು ಬಂದಿದ್ದಳು. ಬುಡ ಹಿಡಿಯಲು ಜಾಗ ಇಟ್ಟವರು ಯಾರು? ನಾನಂತೂ ಇಟ್ಟಿರಲಿಲ್ಲ. ಮೇಜನ್ನು ಕಚ್ಚಿ ಹಿಡಿಯುವ ಬಟ್ಟಲುಗಳನ್ನು ಮಾತ್ರ ಇಟ್ಟಿದ್ದೆ.

"ಇನ್ನೊಂದು ಎಲ್ಲಿ?" ಎಂದೆ, ಧೈರ್ಯ ತಂದುಕೊಂಡು.

"ಅದು ಒಳ್ಳೇದುಂಟು. ಎಳೆದ ಹಾಗೆ ಬಗ್ಗಿತು, ಮತ್ತೆ ಟಪ್ಪಂತ ಎದ್ದು ಬಂತು. ಅಗೋ, ಫ್ರಿಜ್ಜಿನ ಮೇಲೆ ಇಟ್ಟಿದ್ದೇನೆ."

ಬಟ್ಟೆ ಒಣಹಾಕುವ ಹಗ್ಗ ಫ್ರಿಜ್ಜಿನ ಮೇಲೆ ನೆಟ್ಟಗೆ ನಿಂತಿತ್ತು. ನಾನು ಅದನ್ನು ತಂದು ಮೇಜಿಗೆ ಕಚ್ಚಿಸಿ, ಇನ್ನೊಮ್ಮೆ ಎಳೆಯಿರಿ ಎಂದೆ. ಮಾಮಿ ಎಳೆದರು. ಪುನಃ ಎಂದೆ. ಪುನಃ ಎಳೆದರು. ಅದು ಪ್ರತಿಸಲವೂ ಬಗ್ಗಿ, ಬಟ್ಟಲು ಬಿಟ್ಟು, ಇಡಿಯಾಗಿ ಬರುತ್ತಿತ್ತು. ಎಳೆಯುತ್ತ ಎಳೆಯುತ್ತ ಮಾಮಿಯ ಮುಖ ಸಣ್ಣದಾಯಿತು. ನಾನು ತಲೆ ಕೆಟ್ಟು ಹೀಗೆ ಮಾಡಿಸುತ್ತಿದ್ದೇನೆಂದು ತಿಳಿದರೋ ಏನೋ.

"ಅದು ಒಡೆದದ್ದಕ್ಕೆ ನಿನ್ನ ಕೆಲಸ ಹೋಗ್ತದಾ?" ಎಂದು ಕೇಳಿದರು. "ನಾಳೆ ನಾನೂ ಬರ್ತೇನೆ. ನಿಮ್ಮ ಧಣಿಗಳಿಗೆ ಸರಿಯಾಗಿ ಹೇಳ್ತೇನೆ, ಇವಳದ್ದು ಎಂತ ತಪ್ಪಿಲ್ಲ, ಇವಳು ಮಾಡಿದ ಸಾಮಾನೇ ಸರಿ ಇರಲಿಲ್ಲ ಅಂತ."

ಇಷ್ಟು ಅಂತಃಕರಣದಿಂದ ನನ್ನ ಪರವಾಗಿ ಯಾರೂ ಮಾತಾಡಿದ್ದಿಲ್ಲ. ಬೇಡ ಮಾಮಿ, ನಾನೇ ಹೇಳಿಕೊಳ್ಳುತ್ತೇನೆ ಎಂದೆ.

ಸೋಮವಾರ ಹೇಳಿದೆ. ಅಲ್ಯೂಮಿನಿಯಂ ಬೇಡ, ನೈಲಾನ್ ಸಾಕು, ಬಟ್ಟಲುಗಳು ಸಣ್ಣವಾಗಲಿ, ಬುಡದ ಎರಡು ಬದಿಗೆ ಬೆರಳು ತೂರಿಸಿ ಎತ್ತಲು ಒಂದೊಂದು ತಗ್ಗು ಇರಲಿ ಎಂದೆ. ದಿನೇಶಣ್ಣ ಕಿತ್ತ ಪೀಸನ್ನು ತಿರುಗಿಸಿ ತಿರುಗಿಸಿ ನೋಡಿದರು. ಕ್ಯಾಲ್ಕುಲೇಟರ್ ಒತ್ತಿದರು. ಅವರ ಮುಖದಲ್ಲಿ ಕುಕ್ಕರಿನ ಕಾಲದ ನೆಮ್ಮದಿ ಮೂಡಿತು.

"ಖರ್ಚು ಕಮ್ಮಿಯೇ ಆಯ್ತಲ್ಲ! ನಾನು ಮೊದಲೇ ಹೇಳಿದ್ದಲ್ವಾ?"

ಅವರು ಹೇಳಿದ್ದು ನೈಲಾನ್ ಎಂಬ ಒಂದು ಶಬ್ದ ಮಾತ್ರ. ಅದು ಅಗ್ಗ ಎಂಬ ಒಂದೇ ಕಾರಣಕ್ಕೆ. ಆದರೆ ಕೆಲಸ ಉಳಿದವರು ಇಂಥದ್ದನ್ನೆಲ್ಲ ಚರ್ಚಿಸಬಾರದು.

"ಟೆಸ್ಟ್ ಮಾಡಿದ್ದು ಯಾರು?"

"ನಮ್ಮ ಮಾಮಿ."

"ಅವರಿಗೆ ಎಂತಾದ್ರೂ ಕೊಡ್ಬೇಕಾ?"

"ಬೇಡ."

"ಹಾಗಾದ್ರೆ ಇನ್ನು ಮುಂದೆ ಎಲ್ಲ ಪೀಸೂ ಅವರಿಗೇ ಕೊಡು," ಎಂದರು ದಿನೇಶಣ್ಣ. ಲಕ್ಷಗಟ್ಟಲೆ ಬೆಲೆಯ ಯಂತ್ರದ ಪ್ರಶ್ನೆ ಅಲ್ಲಿಗೆ ಮುಗಿಯಿತು.

ಹೊಸ ಹಿಡಿ ಮಾರುಕಟ್ಟೆಗೆ ಹೋಗಿದೆ. ಈವರೆಗೆ ಹಿಂತಿರುಗಿ ಬಂದಿಲ್ಲ. ಆದರೆ ಮನೆಯಲ್ಲಿ ನನ್ನ ಸ್ಥಿತಿ ಸುಧಾರಿಸಿದೆ ಎಂದು ಹೇಳುವಂತಿಲ್ಲ. ಮೂಡುಬಿದಿರೆಯ ಕಂಪೆನಿಯವರು ತನಗೆ ತೋರಿಸದೆ ಏನನ್ನೂ ಹೊರಗೆ ಕಳಿಸುವುದಿಲ್ಲ ಎಂದು ಮಾಮಿ ನೆರೆಮನೆಗಳಲ್ಲೆಲ್ಲ ಹೇಳಿದ್ದಾರೆ. ಅದು ಸುಳ್ಳಲ್ಲ. ಹಾಗಾದರೆ ನಿಮ್ಮ ಸೊಸೆ ಎಂತ ಮಾಡುವುದು ಎಂದು ಯಾರೋ ಕೇಳಿದರಂತೆ. "ತರುವುದು, ಕೊಂಡುಹೋಗುವುದು ಎಲ್ಲ ಅವಳೇ" ಎಂದರಂತೆ.

ದಿನ ಹೋದಂತೆ ಮಾಮಿ ಬಿಗಿಯಾಗುತ್ತಿದ್ದಾರೆ. ಕಳೆದ ತಿಂಗಳು ತಂದ ಹೊಸ ಮಾದರಿಯನ್ನು ಎಳೆದರು, ತಿರುವಿದರು, ಕಡೆಯುವ ಕಲ್ಲಿನ ಗುಂಡಿನಂತೆ ಹಿಡಿದು ಒಂದು ಧಾರಾವಾಹಿ ಮುಗಿಯುವವರೆಗೆ ಅರೆದರು. ಏನೂ ಆಗಲಿಲ್ಲ. ಆದರೂ ಫೇಲು ಮಾಡಿದರು. ಕಪ್ಪು ಬಣ್ಣದಲ್ಲಿ ಅಕ್ಕಿಹಿಟ್ಟಿನ ಕೈ ಎದ್ದು ಕಾಣುತ್ತದಂತೆ. ವಿಮಾನ ಹಾರಿಸುವವರ ಕೈಯಲ್ಲಿ ಅಕ್ಕಿಹಿಟ್ಟು ಎಲ್ಲಿಂದ ಬರಬೇಕು ಎಂದು ಕೇಳಬೇಕೆಂದಿದ್ದೆ. ಹಿಂದೆ ಇಂಥದ್ದೇ ಖಾತ್ರಿಯಲ್ಲಿ ಒಂದು ವರದಿ ಬರೆದದ್ದು ನೆನಪಾಯಿತು. ಬಣ್ಣ ಬದಲಿಸಿ ಈಗ ಬೂದು ಬಣ್ಣದ್ದು ತಂದಿದ್ದೇನೆ. ಎಲ್ಲಿಗೆ ಬಂತು ಎಂದು ದಿನೇಶಣ್ಣ ಬೆಳಿಗ್ಗೆಯಿಂದ ಫೋನ್ ಮಾಡುತ್ತಿದ್ದಾರೆ. ಟೆಸ್ಟಿಂಗಿನಲ್ಲಿ ಉಂಟು ಎಂದಿದ್ದೇನೆ. ಟೆಸ್ಟಿಂಗಿನವರು ಹಿತ್ತಲಲ್ಲಿ ಕೂತು ಬಂಗುಡೆ ಮೀನು ತೊಳೆಯುತ್ತಿದ್ದಾರೆ. ಅವರ ಕೈ ಒಣಗಲಿ ಎಂದು ನಾನು ಜಾಯ್‌ಸ್ಟಿಕ್ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದೇನೆ.