ದೂರದ್ದೆಲ್ಲಿ, ಹತ್ತಿರದ್ದೆಲ್ಲಿ?

ನಮ್ಮ ಮನೆಯವರನ್ನು ಅಪ್ಪಿಕೊಂಡು ನೋವಾಗದೆ ಹೋದವರು ಇಡೀ ಶಹಾಬಾದಿನಲ್ಲಿ ಒಬ್ಬರೂ ಇಲ್ಲ! ದಸರೆಗೆ ಬನ್ನಿ ಕೊಟ್ಟು ಎದೆಗೆ ಎದೆ ಹಚ್ಚಿದವರು ‘ಅಯ್ಯಯ್ಯೋ’ ಎಂದು ಪಕ್ಕೆ ಹಿಡಿದುಕೊಂಡು ಹಿಂದೆ ಸರಿದಿದ್ದಾರೆ. ಈದ್ ಹಬ್ಬದ ದಿನ ಅಪ್ಪಿಕೊಂಡ ದರ್ಜಿ ಚಾಚಾ, “ಸಾಹೇಬ್ರ, ಎದಿಯೊಳಗ ಫರಸಿ ಕಲ್ಲು ಇಟ್ಕೊಂಡೀರೇನ್ರಿ?” ಎಂದು ಕೇಳಿದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಕಲ್ಲಲ್ಲ, ಲೆನ್ಸು! ಕ್ಯಾಮೆರಾದ ಲೆನ್ಸು!

ಅವರ ಹೆಸರು ಮಾತ್ರ ಕೇಳಬೇಡಿ. ಮದುವೆಯಲ್ಲಿ ಹೆಂಗಸರ ಕಾಟಕ್ಕೆ ಒಡಪು ಕಟ್ಟಿ ಒಮ್ಮೆ ಹೇಳಿದ್ದೇನೆ, ಈ ಜನ್ಮಕ್ಕೆ ಅಷ್ಟು ಸಾಕು. ಶಹಾಬಾದಿನಲ್ಲಿ ಅವರದೊಂದು ಸಣ್ಣ ಫೋಟೋ ಸ್ಟುಡಿಯೋ. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಗಿ ಎಷ್ಟೋ ದಿನವಾದರೂ ನಮ್ಮ ಬೋರ್ಡು ಮಾತ್ರ ಮೈಸೂರು ರಾಜ್ಯದಲ್ಲೇ ಇತ್ತು. ಹೈದರಾಬಾದಿನ ಹಳೆ ಸಾಮಾನಿನ ಅಂಗಡಿಯಿಂದ ಅವರೊಂದು ಕ್ಯಾಮೆರಾ ತಂದರು, ಅದರ ಜೊತೆಗೆ ಮೂರು ಲೆನ್ಸು. ಅವುಗಳ ನಿಜವಾದ ಹೆಸರು ಇಂದಿಗೂ ನನ್ನ ಬಾಯಿಗೆ ಬರುವುದಿಲ್ಲ. ನಮ್ಮ ಮನೆಯಲ್ಲಿ ಅವು ದೂರದ್ದು, ಹತ್ತಿರದ್ದು, ಅಗಲದ್ದು. ದೂರದ್ದು ದೂರ ಇದ್ದವರ ಮುಖವನ್ನು ಮೂಗಿನ ಮುಂದೆ ತರುತ್ತದೆ. ಹತ್ತಿರದ್ದು ಎದುರಿಗೆ ಕೂತವರಿಗೆ. ಅಗಲದ್ದು ಇಡೀ ಬೀಗರ ಹಿಂಡಿಗೆ. ಒಂದು ಕ್ಯಾಮೆರಾದ ಮೇಲಿದ್ದರೆ ಉಳಿದೆರಡು ಬೇರೆಲ್ಲೋ ಇರಬೇಕಲ್ಲ? ಈ ‘ಬೇರೆಲ್ಲೋ’ ಎಲ್ಲಿ ಎನ್ನುವುದೇ ನಮ್ಮ ಸಂಸಾರದ ದೊಡ್ಡ ಗೊಂದಲ.

ಚೀಲದಲ್ಲಿ ಇಟ್ಟುಕೊಳ್ಳಬಾರದೇ ಎನ್ನುತ್ತೀರಿ. ಇಟ್ಟುಕೊಂಡಿದ್ದರು. ಚೀಲ ವಾಡಿ ಸ್ಟೇಷನ್ನಿನ ಬೆಂಚಿನ ಮೇಲೆ ಉಳಿಯಿತು, ಇವರು ರೈಲಿನಲ್ಲಿ ಚಿತ್ತಾಪುರಕ್ಕೆ ಹೋದರು. ಯಾರೋ ಪುಣ್ಯಾತ್ಮರು ಎತ್ತಿಟ್ಟಿದ್ದರಿಂದ ಮರಳಿ ಸಿಕ್ಕಿತು. ಅಂದಿನಿಂದ ಇವರದೊಂದು ಸಿದ್ಧಾಂತ. “ಚೀಲ ಅಂದ್ರ ಕೆಳಗ ಇಡೂದು. ಕೆಳಗ ಇಟ್ಟಿದ್ದು ಮರಿಯೂದು. ಲೆನ್ಸು ಮೈಮ್ಯಾಲೇ ಇರಬೇಕು.”

ಇದನ್ನೆಲ್ಲ ನಕ್ಕು ಬಿಟ್ಟುಬಿಡಬಹುದಿತ್ತು, ನಡುವೆ ನಮ್ಮವ್ವನ ಫೋಟೋದ ವಿಷಯ ಬರದಿದ್ದರೆ.

ನನ್ನ ತವರು ಮಳಖೇಡ. ನಮ್ಮಪ್ಪನ ಫೋಟೋ ಅಂತ ಇರುವುದು ಒಂದೇ. ಅದೂ ತೀರಿದ ದಿನ ಕುರ್ಚಿಯಲ್ಲಿ ಕೂರಿಸಿ, ವಿಭೂತಿ ಹಚ್ಚಿ, ಹಾರ ಹಾಕಿ ತೆಗೆದದ್ದು. ನಮ್ಮ ಕಡೆ ಎಷ್ಟೋ ಹಿರಿಯರು ಫೋಟೋಕ್ಕೆ ಕೂಡುವುದೇ ಅವತ್ತು. ಅದನ್ನು ತೆಗೆದವರು ನಮ್ಮ ಮನೆಯವರೇ. ತೆಗೆದು ಬಂದವರು ಅಂದು ಊಟಕ್ಕೇ ಏಳಲಿಲ್ಲ. “ಮಾವ ಎಂಥಾ ನಗೂ ಮನಶ್ಯಾ! ಕಣ್ಣು ಮುಚ್ಚಿದ್ದೊಂದೇ ಉಳೀತಲ್ಲ. ಅತ್ತಿದು ಹಂಗ ಆಗಬಾರದು. ಕಣ್ಣು ತೆರದು ಕುಂತಿದ್ದು ಒಂದರ ತಗೀಲೇಬೇಕು” ಎಂದರು. ಆ ಹೊತ್ತಿಗಾಗಲೇ ಅವ್ವನಿಗೆ ಅಂಗಳ ದಾಟಿದರೆ ಏದುಸಿರು. ಎದೆ ಸೋತಿದೆ, ಜೋಪಾನ, ಎಂದು ಗುಲ್ಬರ್ಗಾದ ಡಾಕ್ಟರು ಹೇಳಿ ಕಳಿಸಿದ್ದರು.

ತಡ ಯಾಕೆ, ತೆಗೆಯಲಿ ಎನ್ನುತ್ತೀರಿ. ಹೇಗೆ ತೆಗೆಯುವುದು? ನಮ್ಮವ್ವ ಅಳಿಯನ ಎದುರಿಗೆ ಬರುವವಳೇ ಅಲ್ಲ! ಅತ್ತೆಯಾದವಳು ಅಳಿಯನಿಗೆ ಮುಖ ಕೊಟ್ಟು ಮಾತಾಡುವುದು ಅವಳ ಕಾಲದಲ್ಲಿ ಇರಲಿಲ್ಲ. ಇವರ ಚಪ್ಪಲಿ ಸಪ್ಪಳ ಕೇಳಿದರೆ ಸಾಕು, ಸೆರಗು ಹಣೆ ದಾಟಿ ಮೂಗಿನವರೆಗೆ ಇಳಿಯುತ್ತಿತ್ತು. ಇವರು ಪಡಸಾಲೆಗೆ ಬಂದರೆ ಅವಳು ಅಡುಗೆಮನೆಗೆ. ಏನಾದರೂ ಹೇಳುವುದಿದ್ದರೆ ನನ್ನ ಮೂಲಕ. “ಅಳಿಯಂದ್ರಿಗಿ ಕೇಳವಾ, ಇನ್ನೊಂದು ರೊಟ್ಟಿ ಹಾಕ್ಲೇನು ಅಂತ.” ಇವರು ಎರಡು ಮಾರು ದೂರದಲ್ಲೇ ಕೂತಿರುತ್ತಿದ್ದರು! ಮದುವೆಯಾಗಿ ಅಷ್ಟು ವರ್ಷವಾಗಿದ್ದರೂ ಇವರು ಅತ್ತೆಯ ಮುಖ ಸರಿಯಾಗಿ ನೋಡಿರಲಿಲ್ಲ.

ಬೇರೆ ಫೋಟೋದವರನ್ನು ಕರೆಸೋಣವೆಂದರೆ ಅವ್ವ ಬೆಂಕಿ. “ಅಳಿಯಗ ತೋರಸಲಾರದ ಮಾರಿ ಊರವರಿಗಿ ತೋರಸಲೇನು?” ಇವರಿಗೂ ಸಿಟ್ಟು. “ನಮ್ಮ ಅತ್ತಿ ಫೋಟೋ ಮತ್ತೊಬ್ಬ ತಗದ್ರ ನಾ ಈ ಕ್ಯಾಮೆರಾ ಕಾಗಿಣಾ ಹೊಳಿಗಿ ಒಗೀತೀನಿ!” ಹೋಗಲಿ ನಾನೇ ತೆಗೆಯುತ್ತೇನೆಂದು ಒಮ್ಮೆ ಕ್ಯಾಮೆರಾ ಇಸಿದುಕೊಂಡು ಅವ್ವನ ಮುಂದೆ ನಿಂತೆ. ರೀಲು ತೊಳೆದು ನೋಡಿದರೆ ಬೇವಿನ ಮರದ ತುದಿ, ಅದರ ಮೇಲೊಂದು ಕಾಗೆ. ಕಾಗೆ ಮಾತ್ರ ಭಾರೀ ಸ್ಪಷ್ಟವಾಗಿ ಬಂದಿತ್ತು.

ಉಳಿದದ್ದು ಒಂದೇ ದಾರಿ. ಅವ್ವನಿಗೆ ತಿಳಿಯದಂತೆ, ಅವಳು ಸೆರಗು ಸರಿಸಿ ಹಾಯಾಗಿ ಕೂತಾಗ, ದೂರ ನಿಂತು ದೂರದ್ದರಲ್ಲಿ ತೆಗೆಯುವುದು. ಅಂದರೆ ಬೇಕಾದ ಗಳಿಗೆಗೆ ದೂರದ್ದು ಕೈಗೆ ಸಿಗಬೇಕು. ಸಿಕ್ಕರೆ ತಾನೆ!

ಮೊದಲು ಕೋಟು ಬಂತು. ಒಳಗೂ ಕಿಸೆ, ಹೊರಗೂ ಕಿಸೆ, ಬೆನ್ನಿಗೂ ಒಂದು ಕಿಸೆ. “ಇಷ್ಟು ಕಿಸೆ ಇಟ್ರ ಕೋಟ್ ಎಲ್ಲಿ ಹೊಲೀಲ್ರಿ ಸಾಹೇಬ್ರ?” ಎಂದು ದರ್ಜಿ ಚಾಚಾ ತಲೆ ಕೆರೆದುಕೊಂಡರು. ಬೇಸಿಗೆಯಲ್ಲಿ ಶಹಾಬಾದಿನ ಫರಸಿಯ ಮೇಲೆ ನೀರು ಚೆಲ್ಲಿದರೆ ಚುರ್ ಎನ್ನುತ್ತದೆ, ಅಂಥದ್ದರಲ್ಲಿ ಈ ಮನುಷ್ಯ ಉಣ್ಣೆಯ ಕೋಟು ತೊಟ್ಟು ವಾಡಿಯ ಮದುವೆಗೆ ಹೊರಟರು! ಮದುಮಕ್ಕಳ ತಲೆಯ ಮೇಲೆ ಅಕ್ಕಿಕಾಳು ಬೀಳುವ ಹೊತ್ತಿಗೆ ಅಗಲದ್ದು ಬೇಕಾಯಿತು. ಎಡಗಡೆ ಹುಡುಕಿದರು, ಬಲಗಡೆ ಹುಡುಕಿದರು, ಒಳಗೆ ಕೈ ಹಾಕಿ ಎಲೆಅಡಿಕೆಯ ಚಂಚಿ ಹೊರತೆಗೆದರು. ಬೆನ್ನಿನ ಕಿಸೆಗೆ ಕೈ ಎಟುಕದೆ ತಮ್ಮ ಸುತ್ತ ತಾವೇ ತಿರುಗಿದರು. ಮದುವೆಗೆ ಬಂದ ಹೆಂಗಸರು, “ಪಾಪ, ಫೋಟೋದವರಿಗಿ ಇರವಿ ಹೊಕ್ಕಾವ” ಎಂದು ಮರುಗಿದರು. ಅಕ್ಕಿಕಾಳು ಮುಗಿದು ಜನ ಊಟಕ್ಕೆ ಎದ್ದಾಗ ಅಗಲದ್ದು ಸಿಕ್ಕಿತು. ಆ ಮದುವೆಯಲ್ಲಿ ಅತ್ಯುತ್ತಮವಾಗಿ ಬಂದ ಫೋಟೋ ಎಂದರೆ ಊಟದ ಪಂಕ್ತಿಯದು.

ಕೋಟಿನ ನಂತರ ಟಿಫಿನ್ ಡಬ್ಬಿ. ಕೆಳಗಿನ ಎರಡು ಡಬ್ಬಿಯಲ್ಲಿ ಹತ್ತಿಯ ಮೇಲೆ ಲೆನ್ಸು, ಮೇಲಿನದು ಖಾಲಿ. ಇದಕ್ಕೆ ನಾನೂ ಭೇಷ್ ಎಂದೆ. ಸೇಡಮ್ಮಿನ ಮದುವೆಯಲ್ಲಿ ಇವರು ಅದನ್ನು ಅಡುಗೆಯವರ ಗೂಟಕ್ಕೆ ಸಿಕ್ಕಿಸಿ ಹೋದರು. ಅಡುಗೆಯವರು ಭಾಳ ಒಳ್ಳೆಯವರು, ಅದೇ ತಪ್ಪಾದದ್ದು. ಫೋಟೋ ಸಾಹೇಬರು ಬಾಯಿ ಬಿಟ್ಟು ಕೇಳಲು ನಾಚಿಕೊಂಡು ಹೆಂಡತಿಗೆಂದು ಡಬ್ಬಿ ಇಟ್ಟು ಹೋಗಿದ್ದಾರೆಂದು ತಿಳಿದು, ಮೇಲಿನ ಡಬ್ಬಿಗೆ ಬಿಸಿ ಹುಗ್ಗಿ ತುಂಬಿ, ಧಾರಾಳವಾಗಿ ತುಪ್ಪ ಸುರಿದರು. ತುಪ್ಪ ಸುಮ್ಮನಿರುತ್ತದೆಯೇ? ಕೆಳಗಿಳಿಯಿತು. ಹತ್ತಿರದ್ದಕ್ಕೆ ಅಭಿಷೇಕವಾಯಿತು! ಇವರು ಧೋತರದ ಅಂಚಿನಲ್ಲಿ ಒರೆಸಿ ಹಾಗೇ ಮದುಮಗಳ ಫೋಟೋ ತೆಗೆದರು. ಇನ್ನು ಬೀಗರು ಜಗಳಕ್ಕೆ ಬರುವುದು ಖಂಡಿತ ಎಂದು ನಾನು ಬಾಗಿಲು ಹಾಕಿಕೊಂಡು ಕೂತಿದ್ದೆ. ಬಂದವರು, “ನಮ್ಮ ಹುಡಗಿ ಮೋಡದಾಗಿಂದ ಇಳದು ಬಂದಂಗ ಕಾಣ್ಲಿಕತ್ತಾಳ್ರಿ! ತಂಗಿ ಮದುವಿಗೂ ಹಿಂಗೇ ತಗದು ಕೊಡ್ರಿ” ಎನ್ನಬೇಕೇ! ಈಗ ಇವರಿಗೆ ಗೊಂದಲ, ಲೆನ್ಸು ತೊಳೆಯಬೇಕೋ ಬೇಡವೋ ಎಂದು.

ಆಮೇಲೆ ಕಾಲುಚೀಲ. ಒಂದೊಂದು ಕಾಲುಚೀಲದಲ್ಲಿ ಒಂದೊಂದು ಲೆನ್ಸು ಇಳಿಬಿಟ್ಟು ನಡುಪಟ್ಟಿಗೆ ಕಟ್ಟಿಕೊಂಡರು. ಹೀಗೇ ಮಳಖೇಡಕ್ಕೆ ಬಂದಾಗ ದಾರಿಯಲ್ಲಿ ಒಬ್ಬ ಮುದುಕಿ ಇವರನ್ನು ಔಷಧ ಮಾರುವವರೆಂದು ತಿಳಿದು, “ಯಪ್ಪಾ, ಮಣಕಾಲ ಬ್ಯಾನಿಗಿ ಏನರ ಔಷಧ ಅದನ?” ಎಂದು ಕೇಳಿದಳು. ಇವರು ಇಲ್ಲವೆನ್ನಬೇಕೋ ಬೇಡವೋ? ಕೂತು ಮೊಣಕಾಲು ನೋಡಿ, ಎಣ್ಣೆ ಬಿಸಿ ಮಾಡಿ ತಿಕ್ಕಲು ಹೇಳಿ ಬಂದರು.

ಅಂದೇ ಮಧ್ಯಾಹ್ನ ನಮ್ಮ ಮನೆಯ ಹಿಂದಿನ ಹಾಳು ಕೋಟೆಗೋಡೆ ಹತ್ತಿ ಕೂತರು. ಅವ್ವ ಅಂಗಳದಲ್ಲಿ ಸೆರಗು ಹಿಂದೆ ಬಿಟ್ಟು ಜೋಳ ಹಸನು ಮಾಡುತ್ತಿದ್ದಳು. ಇದಕ್ಕಿಂತ ಒಳ್ಳೆ ಗಳಿಗೆ ಉಂಟೇ? ಇವರು ಒಂದು ಕಾಲುಚೀಲಕ್ಕೆ ಕೈ ಹಾಕಿದರೆ ಹತ್ತಿರದ್ದು ಬಂತು. ಇನ್ನೊಂದಕ್ಕೆ ಹಾಕಿದರೆ ಅಗಲದ್ದು ಬಂತು. ಗಾಬರಿಯಲ್ಲಿ ಮತ್ತೊಮ್ಮೆ ಹಾಕಿದರೆ ಮತ್ತೆ ಹತ್ತಿರದ್ದೇ! ಕ್ಯಾಮೆರಾದ ಮೇಲಾದರೂ ಇದೆಯೇ ಎಂದು ನೋಡಿದರೆ ಕ್ಯಾಮೆರಾ ಬೋಳು. ದೂರದ್ದು ಶಹಾಬಾದಿನಲ್ಲಿ ಇನ್ನೊಂದು ಜೋಡಿ ಕಾಲುಚೀಲದೊಳಗೆ ಹಾಯಾಗಿ ಮಲಗಿತ್ತು. ಅಷ್ಟರಲ್ಲಿ ಅವ್ವ ತಲೆ ಎತ್ತಿದಳು, ಸೆರಗು ಎಳೆದುಕೊಂಡಳು, ನನ್ನನ್ನು ಕರೆದು ಮೆಲ್ಲಗೆ ಕೇಳಿದಳು. “ನಿನ್ನ ಗಂಡ ಗ್ವಾಡಿ ಮ್ಯಾಲ ಕುಂತಾರಲ್ಲವಾ, ಇಬ್ಬರೂ ಜಗಳಾಡೀರೇನು?”

ನಗು ಬಂದರೂ ನನಗೆ ಅಳುವೂ ಬಂತು. ಅವ್ವ ದಿನದಿನಕ್ಕೆ ಇಳಿಯುತ್ತಿದ್ದಳು. ಈ ಮನುಷ್ಯ ಲೆನ್ಸು ಹುಡುಕುವುದರೊಳಗೆ ಅವಳೇ ಇಲ್ಲದೆ ಹೋದರೆ? “ನಿಮ್ಮ ಕೋಟು ಬ್ಯಾಡ, ಡಬ್ಬಿ ಬ್ಯಾಡ. ದೂರದ್ದು ನನ್ನ ಹಂತ್ಯಾಕ ಕೊಡ್ರಿ. ಬೇಕಂದಾಗ ನಾ ಕೊಡ್ತೀನಿ” ಎಂದು ಕಡ್ಡಿ ಮುರಿದಂತೆ ಹೇಳಿದೆ. ಮುಂದಿನ ಸಲ ಹೋದಾಗ ದೂರದ್ದನ್ನು ಕರವಸ್ತ್ರದಲ್ಲಿ ಸುತ್ತಿ ನನ್ನ ಸೆರಗಿನ ಉಡಿಯಲ್ಲಿ ಕಟ್ಟಿಕೊಂಡೆ. ಇದಕ್ಕಿಂತ ಭದ್ರವಾದ ಜಾಗ ಯಾವುದಿದೆ? ಇವರು ಹತ್ತಿರದ್ದು ಹಚ್ಚಿದ ಕ್ಯಾಮೆರಾ ಹಿಡಿದು ಕೊಟ್ಟಿಗೆಯ ಬಾಗಿಲಲ್ಲಿ ನಿಂತರು. ಅವ್ವ ಹೊರಗೆ ಬಂದ ಕೂಡಲೇ ನಾನು ಹೋಗಿ ದೂರದ್ದು ಕೊಡಬೇಕು, ಇದು ನಮ್ಮ ಒಪ್ಪಂದ.

ಅವ್ವ ಹೊರಗೆ ಬರಲಿಲ್ಲ. ಒಳಗಿಂದಲೇ ಕೂಗಿದಳು. “ಹೊಂಡೂ ಹೊತ್ತಾತಲ್ಲ, ಬಾ ಮಣಿ ಮ್ಯಾಲ ಕುಂದ್ರು. ಉಡಿ ತುಂಬ್ತೀನಿ.”

ತವರಿಂದ ಹೊರಟ ಮಗಳಿಗೆ ತಾಯಿ ಉಡಿ ತುಂಬುವಾಗ ತಡಿ ಎನ್ನಲಾದೀತೇ? ಲೆನ್ಸು ತೆಗೆಯೋಣವೆಂದರೆ ನಮ್ಮ ಗುಟ್ಟು ರಟ್ಟು. ಹಾಗೇ ಕೂತು ಸೆರಗು ಒಡ್ಡಿದೆ. ಮೊದಲ ಬೊಗಸೆ ಅಕ್ಕಿ ಬಿತ್ತು, ಖಣ ಬಿತ್ತು, ಕೊಬ್ಬರಿ ಬಟ್ಟಲು ಬಿತ್ತು, ಉತ್ತತ್ತಿ ಬಿತ್ತು, ಅರಿಶಿನ ಬೇರು ಬಿತ್ತು. ದೂರದ್ದು ಎಲ್ಲದರ ಕೆಳಗೆ! ತುಂಬಿದ ಉಡಿಯನ್ನು ಮನೆ ಮುಟ್ಟಿ ದೇವರ ಮುಂದೆ ಬಿಚ್ಚಬೇಕೇ ಹೊರತು ನಡುವೆ ಬಿಚ್ಚುವಂತಿಲ್ಲ. ಕೊಟ್ಟಿಗೆಯ ಬಾಗಿಲಿಂದ ಇವರು ‘ಎಲ್ಲಿ?’ ಎಂದು ಕೈ ಸನ್ನೆ ಮಾಡಿದರು. ನಾನು ಕಣ್ಣಲ್ಲೇ ಉಡಿ ತೋರಿಸಿದೆ. ಅವರಿಗೆ ತಿಳಿಯಲಿಲ್ಲ, ಅಂಗಳಕ್ಕೆ ಬಂದರು. ನಾನು ಹೋಗ್ರಿ ಎಂದು ತಲೆ ಅಲ್ಲಾಡಿಸಿದೆ. ಅದನ್ನು ಬರ್ರಿ ಎಂದು ತಿಳಿದು ಕಟ್ಟೆ ಹತ್ತಿದರು. ನಾನು ಹುಬ್ಬು ಗಂಟು ಹಾಕಿದೆ. ಅವರು ಬಾಗಿಲಿಗೇ ಬಂದು ನಿಂತರು!

ಅವ್ವ ಆಗ ಮತ್ತೆ ಎರಡೂ ಕೈತುಂಬ ಅಕ್ಕಿ ಹಿಡಿದು ಬಗ್ಗಿದ್ದಳು. ಬಗ್ಗಿದ ರಭಸಕ್ಕೆ ಸೆರಗು ತಲೆಯಿಂದ ಜಾರಿ ಹೆಗಲಿಗೆ ಬಿತ್ತು. ತಲೆ ಎತ್ತಿದರೆ ಎದುರಿಗೆ ಅಳಿಯ. ಸೆರಗು ಎಳೆಯಲು ಕೈ ಖಾಲಿ ಇಲ್ಲ. ಉಡಿಯ ಅಕ್ಕಿ ಕೆಳಗೆ ಚೆಲ್ಲುವಂತಿಲ್ಲ. ಬಾಗಿಲ ಬೆಳಕು ನೇರ ಅವಳ ಮುಖದ ಮೇಲಿತ್ತು. ಕ್ಯಾಮೆರಾ ಇವರ ಕೈಯಲ್ಲಿ, ಅದರ ಮೇಲೆ ಹತ್ತಿರದ್ದು. ಒತ್ತಿದರೆ ಆಯಿತು!

ಇವರು ಒತ್ತಲಿಲ್ಲ. ಕ್ಯಾಮೆರಾ ಕೆಳಗಿಳಿಸಿದರು. ತಟ್ಟನೆ ತಿರುಗಿ ಕಂಬದ ಕಡೆ ಮುಖ ಮಾಡಿ ನಿಂತುಬಿಟ್ಟರು.

ಅವ್ವ ಆ ಬೆನ್ನನ್ನೇ ನೋಡಿದಳು. ಆಮೇಲೆ ನನಗೆ ಹೇಳಿದಳು. “ಗ್ವಾಡಿ ಹತ್ತಿದ್ದು, ಕೊಟ್ಟಿಗ್ಯಾಗ ನಿಂತಿದ್ದು ಎದಕ್ಕಂತ ನನಗ ತಿಳೀಲಿಲ್ಲ ಅಂದ್ಕೊಂಡೀರೇನು? ಕಣ್ಣಿಗಿ ಬಿದ್ದಾಗ ಸೆರಗು ಎಳಕೊಂಡೆ ಖರೆ, ಕದ್ದು ತಗೀತಾರ, ತಗೀಲಿ ಅಂತ ಸುಮ್ಮನಿದ್ದೆ. ಎದುರಿಗಿ ಸಿಕ್ಕಾಗ ಹೊಳ್ಳಿ ನಿಂತಾರ ನೋಡು. ಇಂಥವರ ಮುಂದ ಏನು ಮಾರಿ ಮುಚ್ಚಲಿ?” ಎಂದು ನಕ್ಕು, ಜನ್ಮದಲ್ಲಿ ಮೊದಲ ಸಲ ನೇರವಾಗಿ ಕರೆದಳು. “ಅಳಿಯಂದ್ರ, ಈ ಕಡಿ ತಿರುಗ್ರಿ. ಏನ್ ತಗೀತೀರಿ ತಗೀರಿ.”

ಇವರು ತಿರುಗಿದರು. ಮುಖ ಬೆವರಿತ್ತು. ನನ್ನ ಕಡೆ ಬಾಗಿ, “ಏ, ಯಾವುದು ಹಚ್ಚಲಿ?” ಎಂದರು.

“ಇದ್ದಿದ್ದೇ ಹಚ್ರಿ! ಇನ್ನೊಂದು ಅಕ್ಕಿಯೊಳಗ ಅದ!”

“ಅಕ್ಕಿಯೊಳಗ ಏನದವಾ?” ಎಂದು ಅವ್ವ ಗಾಬರಿಯಾದಳು. ಹೇಳಿದೆ. ಅವ್ವ ಕೈಯಲ್ಲಿ ಅಕ್ಕಿ ಹಿಡಿದುಕೊಂಡೇ ಬಾಯಿತುಂಬ ನಕ್ಕಳು. ಆಗ ಒತ್ತಿದರು.

ಅವ್ವ ಮುಂದಿನ ಬೇಸಿಗೆ ದಾಟಲಿಲ್ಲ. ಸುದ್ದಿ ಕೇಳಿ ನಾವು ಮಳಖೇಡಕ್ಕೆ ಹೋದಾಗ ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಹಾರ ಹಾಕಿ, ಇವರ ದಾರಿಯನ್ನೇ ಕಾಯುತ್ತಿದ್ದರು. “ಬರ್ರಿ ಅಳಿಯಂದ್ರ, ಫೋಟೋ ತಗೀರಿ. ಮಣ್ಣಿಗಿ ಹೊತ್ತಾಗ್ಲಿಕತ್ತದ” ಎಂದರು ಹಿರಿಯರು. ಇವರ ಕೈ ಬರಿದಾಗಿತ್ತು. ಅವ್ವನ ಮುಖವನ್ನು ಒಮ್ಮೆ ನೋಡಿದರು. “ನಮ್ಮ ಅತ್ತಿದು ಆಗ್ಯದರಿ,” ಎಂದರು, “ಅದರಾಗ ನನ್ನ ನೋಡಿ ನಗಲಿಕತ್ತಾರ.” ಹಾಗೆಂದು ಚಪ್ಪಲಿ ಬಿಟ್ಟು, ಹೆಗಲು ಕೊಡಲು ಹೋಗಿ ನಿಂತರು.