ಹಳದಿ ಬಟ್ಟೆ ಕಟ್ಟಿದ ಅವರೆ ಬಳ್ಳಿ

ಕೆಲವರ ಸಂಸಾರ ಮಾತಿನಿಂದ ಕೆಡುತ್ತದೆ, ಕೆಲವರದು ಮಾತಾಡದೇ ಕೆಡುತ್ತದೆ. ನಮ್ಮ ಮನೆಯಲ್ಲಿ ಏನೇ ಕೆಟ್ಟರೂ ಅದಕ್ಕೆ ಕಾರಣ ಮೂಗು. ನನ್ನ ಹೆಂಡತಿ ಸುಮಾಳ ಮೂಗು ಅಂಥಿಂಥದ್ದಲ್ಲ. ನಾಳೆ ಒಡೆಯುವ ಹಾಲನ್ನು ಇವತ್ತೇ ಪತ್ತೆ ಮಾಡುತ್ತದೆ. ಆಫೀಸಿನಲ್ಲಿ ನಾನು ಕದ್ದು ತಿಂದ ಡೋನಟ್ಟನ್ನು ಬಾಗಿಲಲ್ಲೇ ಹಿಡಿದು ನಿಲ್ಲಿಸುತ್ತದೆ. ಇಂಥ ಮೂಗಿನ ಮುಂದೆ ಇಂಡಿಯನ್ ಸ್ಟೋರಿನ ಫ್ರೋಜನ್ ಅವರೆಕಾಳು ಪಾಸಾಗುವುದಾದರೂ ಹೇಗೆ? ಪ್ರತಿ ಚಳಿಗಾಲವೂ ಹಟ ಹಿಡಿದು ಹಿತಕಿದ ಬೇಳೆ ಸಾರು ಮಾಡುತ್ತಾಳೆ, ಒಂದು ಸೌಟು ಎತ್ತಿ ಮೂಸುತ್ತಾಳೆ, "ಸೊಗಡೇ ಇಲ್ಲ" ಎಂದು ಸೌಟನ್ನು ಕೆಳಗಿಡುತ್ತಾಳೆ. ಸೊಗಡು ಎಂದರೆ ಗೊತ್ತಲ್ಲ, ನಾಟಿ ಅವರೆಕಾಯಿಯ ಸಿಪ್ಪೆಯ ಮೇಲೆ ಅಂಟಂಟಾಗಿ ಕೂತಿರುವ ಆ ಎಣ್ಣೆಯ ಘಮ. ಬೆಳಗ್ಗೆ ಕಾಯಿ ಬಿಡಿಸಿದರೆ ಸಂಜೆಯವರೆಗೂ ಬೆರಳನ್ನು ಬಿಡುವುದಿಲ್ಲ. ಅದಿಲ್ಲದ ಸಾರು ಬರೀ ಬೇಳೆ ತೇಲುವ ಬಿಸಿನೀರು ಎಂಬುದು ಸುಮಾಳ ಸಿದ್ಧಾಂತ. ಸಿದ್ಧಾಂತದಲ್ಲಿ ತಪ್ಪಿಲ್ಲ. ಆದರೆ ಅದನ್ನು ಕೇಳಿಕೊಂಡು ಆ ಸಾರನ್ನು ಮೂರು ದಿನ ಮುಗಿಸಬೇಕಾದವನು ನಾನು.

ಹೀಗೇ ಒಂದು ಚಳಿಗಾಲದಲ್ಲಿ ಬಾಯಿ ಜಾರಿತು. "ಬಿಡು, ನಾನೇ ಬೆಳೀತೀನಿ" ಅಂದುಬಿಟ್ಟೆ. ಅಮೆರಿಕದ ಆಶ್‌ಬರ್ನಿನಲ್ಲಿರುವ ನಮ್ಮ ಟೌನ್‌ಹೌಸಿನ ಹಿತ್ತಿಲು ನಾಲ್ಕು ಚಾಪೆ ಹಾಸಿದರೆ ಮುಗಿಯಿತು. ನನ್ನ ಕೃಷಿಯ ಅನುಭವವೋ ಕೇಳಬೇಡಿ, ನನ್ನ ಕೈಯಲ್ಲಿ ಮನಿ ಪ್ಲಾಂಟ್ ಕೂಡ ದಿವಾಳಿ ಎದ್ದಿತ್ತು. ಆದರೂ ಎಲಿಕಾಟ್ ಸಿಟಿಯ ಗೆಳೆಯರೊಬ್ಬರು ಕೊಟ್ಟ ನಾಟಿ ಬೀಜ ಬಿತ್ತಿದ್ದೇ ತಡ, ಬಳ್ಳಿ ಬೇಲಿ ಹತ್ತಿ, ಗ್ರಿಲ್ ಹತ್ತಿ, ನಿಂತಿದ್ದರೆ ನನ್ನನ್ನೂ ಹತ್ತುತ್ತಿತ್ತು. ಎಲೆಯೋ ಎಲೆ. ಹೂವು ಮಾತ್ರ ಇಲ್ಲ. ನಮ್ಮ ಅವರೆ ಹಗಲು ಚಿಕ್ಕದಾಗುವವರೆಗೂ ಕಾಯುವ ಜಾತಿ. ಇಲ್ಲಿ ಹಗಲು ಚಿಕ್ಕದಾಗಿ ಅದು ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ಹಿಮ ಬಿದ್ದು ಬಳ್ಳಿ ಕರಕಲು. ಎರಡು ವರ್ಷ ಬೊಗಸೆ ಕಾಯಿಗಿಂತ ಹೆಚ್ಚು ಸಿಗಲಿಲ್ಲ, ಅದರಲ್ಲೂ ಸೊಗಡು ಇದ್ದದ್ದು ಒಂದೆರಡು ಬಳ್ಳಿಯಲ್ಲಿ.

ನನ್ನ ಗೋಳನ್ನು ಅರ್ಥಮಾಡಿಕೊಂಡವನು ಬೇಲಿಯಾಚೆಯ ಡೆನ್ನಿಸ್. ನನ್ನ ಹಾಗೆಯೇ ಡೇಟಾ ಸೆಂಟರಿನಲ್ಲಿ ಸರ್ವರ್ ಕಾಯುವ ಉದ್ಯೋಗ, ತಲೆಯಲ್ಲಿ ಜುಟ್ಟು, ಹಿತ್ತಿಲಿನಲ್ಲಿ ಗಾಂಜಾ. ಗಾಬರಿಯಾಗಬೇಡಿ, ವರ್ಜೀನಿಯಾದಲ್ಲಿ ಈಗ ಮನೆಗೆ ನಾಲ್ಕು ಗಿಡ ಬೆಳೆಯಬಹುದು, ರಸ್ತೆಗೆ ಕಾಣಬಾರದು, ಗಿಡಕ್ಕೆ ಹೆಸರಿನ ಚೀಟಿ ಕಟ್ಟಿರಬೇಕು. ಆದರೆ ರಾಜ್ಯ ಹೂಂ ಅಂದದ್ದಕ್ಕೆ ದೇಶದ ಕಾನೂನು ಇನ್ನೂ ಊಹೂಂ ಅನ್ನುತ್ತದೆ, ನಾನೋ ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತ ಪ್ರಾಣಿ. ಆ ಕಡೆಯಿಂದ ಗಾಳಿ ಬೀಸಿದರೆ ಉಸಿರು ಬಿಗಿಹಿಡಿದು ನೀರು ಹಾಕುತ್ತಿದ್ದೆ. ಡೆನ್ನಿಸನಿಗೆ ಅದರ ನಶೆಗಿಂತ ತಳಿಯ ಹುಚ್ಚು ಹೆಚ್ಚು. ಅಂಗಡಿಯ ಹೈಬ್ರಿಡ್ ಅವನಿಗೆ ಆಗದು. ಬೆಟ್ಟಗುಡ್ಡದ ಜನ ತಲೆಮಾರುಗಳಿಂದ ಬೆಳೆದುಕೊಂಡು ಬಂದ ನಾಟಿ ಬೀಜವೇ ಬೇಕು. ಆ ಬೀಜವೂ ನನ್ನ ಅವರೆಯ ಹಾಗೇ ತಡವಾಗಿ ಹೂಬಿಟ್ಟು ಹಿಮಕ್ಕೆ ಸಿಕ್ಕಿ ಸಾಯುತ್ತಿತ್ತು. ಅವನು ಕಾಂಡವನ್ನು ಬೆರಳಿನಲ್ಲಿ ಉಜ್ಜಿ ಮೂಸುತ್ತಿದ್ದ, ನಾನು ಕಾಯಿಯನ್ನು ಉಜ್ಜಿ ಮೂಸುತ್ತಿದ್ದೆ. ಬೇಲಿಯ ಎರಡೂ ಕಡೆ ಇಬ್ಬರು ಗಂಡಸರು ಕಣ್ಣು ಮುಚ್ಚಿ ಬೆರಳು ಮೂಸುವುದನ್ನು ಮೇಲಿನ ಕಿಟಕಿಯಿಂದ ನೋಡಿ ಸುಮಾ ಪರದೆ ಎಳೆದಳು.

ಒಂದು ದಿನ ಅವನು, ಬೀಜಕ್ಕೆ ಯಾವುದನ್ನು ಉಳಿಸುತ್ತೀಯ ಎಂದು ಕೇಳಿದ. ನಾನು ನಮ್ಮ ಪದ್ಧತಿ ಹೇಳಿದೆ. ಮೊದಲು ಬಂದದ್ದು, ಚೆನ್ನಾಗಿ ಬಂದದ್ದು ದೇವರಿಗೆ. ಆಮೇಲಿನದು ಮನೆಗೆ ಬಂದವರಿಗೆ. ಮಿಕ್ಕಿದ್ದು ನಮಗೆ. ಯಾರಿಗೂ ಬೇಡವಾಗಿ ಬಳ್ಳಿಯಲ್ಲೇ ಒಣಗಿದ್ದು ಬೀಜಕ್ಕೆ. ಡೆನ್ನಿಸ್, ಹಾಗಾದರೆ ಗೆದ್ದವರನ್ನೆಲ್ಲ ತಿಂದು ಸೋತವರನ್ನು ಬಿತ್ತುತ್ತಿದ್ದೀಯ ಅಂದ. ನನಗೆ ನೆತ್ತಿಗೆ ಬಡಿದ ಹಾಗಾಯಿತು. ಇಷ್ಟು ವರ್ಷ ಭಕ್ತಿಯಿಂದಲೂ ಮರ್ಯಾದೆಯಿಂದಲೂ ನಾನು ಸೋಮಾರಿ ಅವರೆಯ ವಂಶವನ್ನೇ ಬೆಳೆಸಿದ್ದೆ. ಅಂದಿನಿಂದ ಅವನು ಗುರು, ನಾನು ಶಿಷ್ಯ. ಬೇಗ ಹೂ ಬಿಡುವ, ಸೊಗಡೂ ಇರುವ ಒಂದೇ ಒಂದು ಬಳ್ಳಿ ಸಿಗುವವರೆಗೂ ಕಾಯುತ್ತಿರು, ಸಿಕ್ಕರೆ ಅದರ ಕಾಯಿ ಮುಟ್ಟಬೇಡ, ಒಣಗಲು ಬಿಡು, ಇದೇ ಉಪದೇಶ. ಗಂಡು ಹೆಣ್ಣು ಬೇರೆ ಬೇರೆಯಾಗಿ ಬೆಳೆಯುವ ತನ್ನ ಗಿಡಗಳಲ್ಲಿ ಗಂಡು ಯಾವುದೆಂದು ಗೊತ್ತಾದ ಕೂಡಲೇ ಕಿತ್ತು ಎಸೆದು, ಬೀಜಕ್ಕೆಂದು ಒಂದನ್ನು ಮಾತ್ರ ಮೂಲೆಯಲ್ಲಿ ಇಟ್ಟುಕೊಳ್ಳುತ್ತೇನೆ ಎಂದೂ ಹೇಳಿದ. ಇದನ್ನು ಸುಮಾಗೆ ಹೇಳಬಾರದಿತ್ತು. "ಒಳ್ಳೇ ಪದ್ಧತಿ ಕಣ್ರೀ" ಎಂದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಮೂಲೇಲಿ ಇಟ್ಟಿರೋದು ಕಾಫಿ ಕೇಳಲ್ಲ ತಾನೆ?"

ನಾಲ್ಕನೆಯ ವರ್ಷ ಆ ಬಳ್ಳಿ ಸಿಕ್ಕಿತು. ಉಳಿದವು ಇನ್ನೂ ಎಲೆಯ ಗರ್ವದಲ್ಲಿರುವಾಗಲೇ ಗ್ರಿಲ್ಲಿನ ಪಕ್ಕದ್ದು ಹೂಬಿಟ್ಟಿತು, ಸೆಪ್ಟೆಂಬರಿನಲ್ಲೇ ಕಾಯಿ ಕಟ್ಟಿತು. ಉಜ್ಜಿ ಮೂಸಿದೆ. ಅಬ್ಬಾ, ಸೊಗಡು ತಲೆಗೆ ಏರಿತು. ನನ್ನ ಕಣ್ಣಲ್ಲಿ ನೀರು ಬಂದದ್ದು ನಿಜ, ಸುಳ್ಳು ಏಕೆ ಹೇಳಲಿ. ಗುರುತಿಗೆ ಚೀಟಿ ಕಟ್ಟಿದರೆ ಮಳೆಗೆ ಶಾಯಿ ಅಳಿಸಿತು. ಯಾರೋ ಗೃಹಪ್ರವೇಶದಲ್ಲಿ ಕೊಟ್ಟಿದ್ದ ಹಳದಿ ಬ್ಲೌಸ್ ಪೀಸಿನ ಅಂಚು ಹರಿದು ಬಳ್ಳಿಯ ಬುಡಕ್ಕೆ ಕಟ್ಟಿದೆ. ಸುಮಾಗೆ ಹೇಳಲಿಲ್ಲ. ಮುಂದಿನ ವರ್ಷ ಹಿತ್ತಿಲು ತುಂಬ ಬೆಳೆದು ಅವಳ ಮೂಗಿನ ಮುಂದೆ ಹಿಡಿದು ಗೆಲ್ಲಬೇಕು ಎಂಬ ಆಸೆ. ಇನ್ನೊಂದು ಕಾರಣವೂ ಉಂಟು, ದೃಷ್ಟಿಯಾದೀತು ಎಂಬ ಭಯ. ದೇವರ ಮನೆಯ ಕಡೆ ಹಬ್ಬಕ್ಕೊಮ್ಮೆ ಇಣುಕುವ ನನಗೆ ದೃಷ್ಟಿಯಲ್ಲಿ ಮಾತ್ರ ಪೂರ್ತಿ ನಂಬಿಕೆ. ದಿನಾ ಬೆಳಗ್ಗೆ ಕಾಫಿಗೂ ಮುಂಚೆ ಹೋಗಿ, ಬಳ್ಳಿಯ ಮುಂದೆ ಬಗ್ಗಿ, ಕಣ್ಣು ಮುಚ್ಚಿ ಮೂಸಿ ಬರುತ್ತಿದ್ದೆ. ಅಡುಗೆಮನೆಯ ಕಿಟಕಿಯಿಂದ ಅದನ್ನು ಒಬ್ಬರು ನೋಡುತ್ತಿದ್ದಾರೆ ಎಂಬುದು ತಲೆಗೆ ಹೊಳೆಯಲಿಲ್ಲ. ಆ ಬೇಸಿಗೆಯಲ್ಲಿ ಮೈಸೂರಿನಿಂದ ಸುಮಾಳ ಅಮ್ಮ, ಅಂದರೆ ನಮ್ಮ ಅತ್ತೆ, ಬಂದವರು ಇನ್ನೂ ನಮ್ಮಲ್ಲೇ ಇದ್ದರು.

ಅಕ್ಟೋಬರಿನ ಕೊನೆಗೆ ಫೋನಿನಲ್ಲಿ ಹಿಮದ ಮುನ್ಸೂಚನೆ ಬಂತು. ಇನ್ನು ಕೆಲವೇ ದಿನ ಒಣಗಿದರೆ ಬೀಜ ಕೈಸೇರುತ್ತದೆ ಎಂದು ಲೆಕ್ಕ ಹಾಕುತ್ತಾ ಆಫೀಸಿಗೆ ಹೋದೆ. ಸಂಜೆ ಗ್ಯಾರೇಜಿನ ಬಾಗಿಲು ತೆಗೆದಾಗಲೇ ಘಮ ಬಂದು ಮುಖಕ್ಕೆ ಹೊಡೆಯಿತು. ಆಹಾ ಎಂದು ಬಾಯಿ ತೆರೆದವನಿಗೆ ಅರ್ಧಕ್ಕೇ, ಈ ಘಮ ಯಾವ ಬಳ್ಳಿಯದು ಎಂಬುದು ಹೊಳೆಯಿತು. ಶೂ ಬಿಚ್ಚದೆ ಹಿತ್ತಿಲಿಗೆ ಓಡಿದೆ. ಹಳದಿ ಬಟ್ಟೆ ಇತ್ತು. ಬಳ್ಳಿಯ ಮೇಲೆ ಒಂದು ಕಾಯಿ ಇರಲಿಲ್ಲ.

ಅತ್ತೆ ಮಡಿಸೀರೆಯ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ನಗುನಗುತ್ತಾ ಬಂದರು. "ಅಳಿಯಂದ್ರೇ, ಹಳದಿ ಬಟ್ಟೆ ಕಟ್ಟಿ ದೇವರಿಗೆ ಮುಡಿಪು ಇಟ್ಟಿದ್ರಲ್ಲ, ಹಿಮ ಬೀಳುತ್ತಂತೆ, ಮುಡಿಪು ಹಾಳಾಗಬಾರದು ಅಂತ ನಾನೇ ಕೊಯ್ದು ನೈವೇದ್ಯ ಮಾಡ್ಬಿಟ್ಟೆ. ದಿನಾ ಬೆಳಗ್ಗೆ ಅದರ ಮುಂದೆ ಕಣ್ಣು ಮುಚ್ಕೊಂಡು ನಿಲ್ತಿದ್ರಲ್ಲ, ನೋಡಿ ನನಗೆ ಎಷ್ಟು ಸಮಾಧಾನ ಆಯ್ತು ಗೊತ್ತಾ." ನನ್ನ ಹದಿನೈದು ವರ್ಷದ ನಾಸ್ತಿಕತನದ ಮೇಲೆ ಅವರು ಹೊತ್ತಿದ್ದ ಹರಕೆ ಕೊನೆಗೂ ಫಲಿಸಿತ್ತು. ಅಂಥ ಮುಖದ ಮುಂದೆ ನಿಂತು ಅದು ಭಕ್ತಿಯಲ್ಲ, ತಳಿ ಆಯ್ಕೆ ಎಂದು ಹೇಗೆ ಹೇಳುವುದು? ಹೂಂ ಅಂದೆ. ಕೈಕಾಲು ತೊಳೆದು ಬಂದು ಊಟಕ್ಕೆ ಕೂತೆ.

ಸುಮಾ ಸೌಟು ಎತ್ತಿ ಮೂಸಿದಳು. ಮತ್ತೊಮ್ಮೆ ಮೂಸಿದಳು. ಆಮೇಲೆ ನನ್ನ ಕಡೆ ತಿರುಗಿ "ಇದು ಕಣ್ರೀ" ಎಂದಳು, ಅಷ್ಟೇ. ಮದುವೆಯಾದ ಮೇಲೆ ಅವಳಿಂದ ನನಗೆ ಸಿಕ್ಕ ಸರ್ಟಿಫಿಕೇಟುಗಳಲ್ಲಿ ಇದೇ ದೊಡ್ಡದು. ನಾನೂ ಉಂಡೆ. ಮನಸ್ಸಿಗೆ ಸೂತಕ, ನಾಲಗೆಗೆ ಸ್ವರ್ಗ. ನಾಲ್ಕು ವರ್ಷದ ತಪಸ್ಸು ಮುದ್ದೆಯ ಜೊತೆ ಗುಳುಂ ಎಂದು ಇಳಿಯುತ್ತಿದ್ದರೆ, ಅಳುವುದೋ ಇನ್ನೊಂದು ಸೌಟು ಕೇಳುವುದೋ ತಿಳಿಯದೆ ಕೇಳಿಯೇಬಿಟ್ಟೆ. ಮೂರನೆಯ ಸಲ ಬಡಿಸುವಾಗ ತಡೆಯಲಾರದೆ, ಇನ್ನು ಈ ಬಳ್ಳಿ ಹುಟ್ಟುವುದಿಲ್ಲ, ಬೀಜವಿಲ್ಲ, ಅದು ಬೀಜಕ್ಕೆ ಬಿಟ್ಟದ್ದು ಎಂದು ಎಲ್ಲವನ್ನೂ ಹೇಳಿದೆ. ಅತ್ತೆಯ ಮುಖ ಸಣ್ಣದಾಯಿತು. ಸುಮಾ ತಟ್ಟೆಯನ್ನೇ ನೋಡುತ್ತಾ ಕೂತಳು. ಹೇಳಬಾರದಿತ್ತು ಅನ್ನಿಸಿತು.

ಮಾರನೆಯ ಸಂಜೆ ಡೆನ್ನಿಸ್ ಬಾಗಿಲು ತಟ್ಟಿದ. ಕೈಯಲ್ಲಿ ಒಂದು ಕಂದು ಕಾಗದದ ಕವರು. ನಿಮ್ಮ ಅತ್ತೆ ನಿನ್ನೆ ಬೇಲಿಯ ಮೇಲಿಂದ ಹೂವು, ಕುಂಕುಮದ ಜೊತೆ ಈ ಕಾಯಿಗಳನ್ನು ಕೊಟ್ಟರು, ತಿನ್ನುವುದು ಹೇಗೆಂದು ತಿಳಿಯಲಿಲ್ಲ, ಆದರೆ ಎಲ್ಲವೂ ಬಲಿತು ಹೆಚ್ಚುಕಡಿಮೆ ಒಣಗಿವೆ, ಇದು ನಿನ್ನ ಹಳದಿ ಬಟ್ಟೆಯ ಬಳ್ಳಿಯದೇ ತಾನೇ ಎಂದ. ಕವರಿನೊಳಗೆ ಗಲಗಲ ಎಂದಿತು. ಅವನನ್ನು ತಬ್ಬಿಕೊಂಡೆ, ಗ್ರೀನ್ ಕಾರ್ಡಿನ ಭಯ ಮರೆತು ಉಸಿರನ್ನೂ ಎಳೆದುಕೊಂಡೆ. ಒಳಗಿನಿಂದ ಅತ್ತೆ ಸಂಕೋಚದಿಂದ ವಿವರಿಸಿದರು. ಬಲಿತ ಕಾಯಿ ಹಿತಕುವುದಕ್ಕೆ ಬಾರದು, ಬಿಸಾಡಿದರೆ ಮುಡಿಪಿಗೆ ಅವಮಾನ, ಡೆನ್ನಿಸಪ್ಪನಿಗೇನು ಗೊತ್ತಾಗುತ್ತದೆ ಎಂದು ಪ್ರಸಾದ ಅಂತ ಕೊಟ್ಟಿದ್ದರು. ಅವನು ಎಸೆದಿರುತ್ತಾನೆ ಎಂದುಕೊಂಡು ರಾತ್ರಿ ಊಟದಲ್ಲಿ ಬಾಯಿ ಬಿಟ್ಟಿರಲಿಲ್ಲ. ಬೀಜ ಉಳಿದದ್ದು ಖಾತ್ರಿಯಾದ ಮೇಲೆ ಅವರಿಗೆ ಎಂದಿನ ಗೆಲುವು ಮರಳಿತು. "ನೀವೂ ಹಂಗೇ ಅಲ್ವೇ ಅಳಿಯಂದ್ರೇ" ಅಂದರು. "ಎಳೇವೆಲ್ಲ ಬೇರೆಯವರ ಮನೆಗೆ ಹೋಗಿದ್ವು. ನಮ್ಮ ಪಾಲಿಗೆ ಉಳಿದಿದ್ದು ಬಲಿತಿದ್ದೊಂದೇ. ಕೆಟ್ಟೇನೂ ಹೋಗ್ಲಿಲ್ಲ." ಮೂವತ್ತಮೂರಕ್ಕೆ ಮದುವೆಯಾದವನು ಏನೆಂದು ವಾದ ಮಾಡಲಿ? ಸುಮಾ ನಕ್ಕು ನಕ್ಕು ಸೋಫಾದ ಮೇಲೆ ಒರಗಿದಳು.

ಆ ವಾರವೇ ಹಿಮ ಬಿದ್ದು ಹಿತ್ತಿಲೆಲ್ಲ ಕಪ್ಪಾಯಿತು. ಬೀಜಗಳನ್ನು ಅತ್ತೆ ಅದೇ ಹಳದಿ ಬಟ್ಟೆಯಲ್ಲಿ ಗಂಟು ಕಟ್ಟಿ ದೇವರ ಮುಂದೆ ಇಟ್ಟು, ಬಿತ್ತುವ ದಿನದವರೆಗೂ ಇದನ್ನು ಯಾರೂ ಅಲ್ಲಾಡಿಸಬಾರದು ಎಂದು ಕಟ್ಟಪ್ಪಣೆ ಮಾಡಿ ಮೈಸೂರಿಗೆ ಹೊರಟರು. ಅವರೆ ಬೀಜಕ್ಕೆ ಹುಳು ಬೇಗ ಬೀಳುತ್ತದೆ. ಹಾಗಾಗಿ ನಾನು ದಿನಾ ಬೆಳಗ್ಗೆ ಕಾಫಿಗೂ ಮುಂಚೆ ದೇವರ ಮುಂದೆ ಹೋಗಿ, ಕೈ ಹಿಂದೆ ಕಟ್ಟಿದರೆ ಚೆನ್ನಾಗಿರುವುದಿಲ್ಲವೆಂದು ಮುಂದೆ ಜೋಡಿಸಿ, ತಲೆ ಪೂರ್ತಿ ಬಗ್ಗಿಸಿ ಆ ಗಂಟನ್ನೇ ನೋಡುತ್ತಾ ನಿಲ್ಲುತ್ತೇನೆ. ಮೊನ್ನೆ ಸುಮಾ ವಿಡಿಯೋ ಕಾಲಿನಲ್ಲಿ ಅದನ್ನು ತನ್ನ ಅಮ್ಮನಿಗೆ ಸದ್ದಿಲ್ಲದೆ ತೋರಿಸಿದಳಂತೆ. ಅತ್ತೆ ಕಣ್ಣೊರೆಸಿಕೊಂಡರಂತೆ. ಗಂಟಿನಲ್ಲಿ ಇನ್ನೂ ಹುಳು ಬಿದ್ದಿಲ್ಲ. ಇಷ್ಟು ದಿನ ಕಾಪಾಡಿದ್ದೀಯಲ್ಲ, ಏಪ್ರಿಲ್‌ವರೆಗೂ ಹೀಗೇ ನೋಡಿಕೊಳ್ಳಪ್ಪ ಎಂದು ನಿನ್ನೆ ಬೆಳಗ್ಗೆ ನನ್ನ ಬಾಯಿಂದಲೇ ಬಂತು. ಯಾರಿಗೆ ಹೇಳಿದೆ ಎಂದು ತಿರುಗಿ ನೋಡಿದರೆ ಕೋಣೆಯಲ್ಲಿ ನಾನು ಮತ್ತು ಅವನು ಇಬ್ಬರೇ ಇದ್ದೆವು.