ಮಾಮಾ ಹೊಲಿದ ಮೋಟರ್‌ಸೈಕಲ್

ನಮ್ಮ ಸೋದರಮಾವನಿಗೆ ಮೋಟರ್‌ಸೈಕಲ್ ರಿಪೇರಿ ಬರುವುದಿಲ್ಲ ಎಂದರೆ ತಪ್ಪಾಗುತ್ತದೆ. ಬರುತ್ತದೆ. ಅವರು ರಿಪೇರಿ ಮಾಡಿದ ಮೇಲೆ ಮೋಟರ್‌ಸೈಕಲ್ಲಿಗೆ ಓಡಲು ಬರುವುದಿಲ್ಲ, ಅಷ್ಟೇ!

ಮಾಮಾ ಬೆಟಗೇರಿಯಲ್ಲಿ ಟೇಲರ್ ಆಗಿದ್ದವರು. ಅಂಗಡಿ ಮುಚ್ಚಿದ ಮರುವಾರವೇ ಗುಜರಿಯಿಂದ ಹಳೆಯ ಬೈಕೊಂದನ್ನು ಕೈಗಾಡಿಯಲ್ಲಿ ಹೇರಿಕೊಂಡು ಬಂದರು. ಹೊಸ ಸಾಮಾನು ಕೊಳ್ಳುವುದು ಅವರ ಪ್ರಕಾರ ದಡ್ಡರ ಕೆಲಸ.

"ಮನ್ಯಾಗ ಇಲ್ಲದ್ದು ಅಂಗಡ್ಯಾಗ ಏನೈತಿ?"

ಪಾಪ, ಅತ್ತೆಯ ಮನೆಯಲ್ಲಿ ಬರಬರುತ್ತ ಏನೂ ಉಳಿಯಲಿಲ್ಲ! ಎಣ್ಣೆ ಡಬ್ಬಿ ಮಡ್‌ಗಾರ್ಡ್ ಆಯಿತು. ಹಿಟ್ಟಿನ ಡಬ್ಬಿಯ ಮುಚ್ಚಳ ಹೆಡ್‌ಲೈಟಿನ ಸುತ್ತ ಕುಳಿತಿತು. ಕಪಾಟಿನ ಕನ್ನಡಿ ಹ್ಯಾಂಡಲ್ ಏರಿತು. ಅದು ಎಷ್ಟು ದೊಡ್ಡದೆಂದರೆ, ಗದಗಿನಲ್ಲಿ ಒಮ್ಮೆ ಪಕ್ಕಕ್ಕೆ ನಿಂತ ಆಟೋದವನು ಅದರಲ್ಲಿ ನೋಡಿಕೊಂಡು ತಲೆ ಬಾಚಿಕೊಂಡ! ಸೀಟನ್ನಂತೂ ಮಾಮಾ ಹೂವಿನ ಬಟ್ಟೆಯಲ್ಲಿ ತಾವೇ ಹೊಲಿದರು. ಅದಕ್ಕೆ ಎರಡು ಜೇಬು ಬೇರೆ!

"ಗುಂಡಿ ಅಷ್ಟ ಉಳದಾವು, ಅವನ್ನೂ ಹಚ್ಚಿಬಿಡ್ರಿ" ಎಂದು ಅತ್ತೆ ಸಿಟ್ಟಿನಿಂದ ಅಂದರು. ಮರುದಿನ ನೋಡಿದರೆ ಗುಂಡಿಗಳೂ ಇದ್ದವು.

ಇಂಥ ಗಾಡಿಯ ಮೇಲೆ ನಾವಿಬ್ಬರೂ ನನಗೆ ಹೆಣ್ಣು ನೋಡಲು ಲಕ್ಷ್ಮೇಶ್ವರಕ್ಕೆ ಹೊರಟೆವು. ನನಗೆ ಬುದ್ಧಿ ಇತ್ತೇ? ಅಡರಕಟ್ಟಿ ಹತ್ತಿರ ಸೈಲೆನ್ಸರ್ ಕಳಚಿ ಬಿತ್ತು. ಮಾಮಾ ಅದನ್ನು ಟವೆಲ್ಲಿನಲ್ಲಿ ಸುತ್ತಿ ನನ್ನ ತೊಡೆಯ ಮೇಲಿಟ್ಟರು.

"ಕೂಸಿನ್ನ ಹಿಡದಂಗ ಹಿಡಕೋಲೇ, ಬಿಟ್ಟಿಗಿಟ್ಟಿ!"

ಊರಿಗೆ ಊರೇ ಎದ್ದು ನೋಡುವಂಥ ಸದ್ದು ಮಾಡುತ್ತ, ಹೊಗೆಯ ನಡುವೆ ಹೋಗಿ ಇಳಿದೆವು. ಹುಡುಗಿಯ ತಂದೆ ನನ್ನ ಕಪ್ಪಾದ ಮುಖ ನೋಡಿ, "ನಮ್ಮ ಓಣ್ಯಾಗ ಸೊಳ್ಳಿ ಔಷಧ ಹೋದ ವಾರನ ಹೊಡದಾರ್ರಿ, ಮುಂದಿನ ಓಣಿಗೆ ಹೋಗ್ರಿ" ಎಂದರು. ಕಿಟಕಿಯಲ್ಲಿ ಹುಡುಗಿ ನಕ್ಕಳು. ನನಗೆ ಬಹಳ ಹಿಡಿಸಿದಳು. ಏನು ಉಪಯೋಗ? ಸಂಬಂಧ ಅಲ್ಲಿಗೇ ಮುಗಿಯಿತು. ನಾನು ಬಸ್ಸಿನಲ್ಲಿ ಒಬ್ಬನೇ ವಾಪಸಾದೆ.

ಹೋದ ವರ್ಷ ಅತ್ತೆ ಬಚ್ಚಲಲ್ಲಿ ಜಾರಿ ಎಡ ಮೊಣಕಾಲು ಮುರಿದುಕೊಂಡರು. ಮೂಳೆ ಕೂಡಿತು, ಕಾಲು ಮಡಚುವುದು ನಿಂತಿತು. ಮಂದಿ ಎತ್ತಿ ಗಾಡಿಗೆ ಹತ್ತಿಸುವುದೆಂದರೆ ಅವರಿಗೆ ನಾಚಿಕೆ. ಹೊಸ್ತಿಲು ದಾಟುವುದನ್ನೇ ಬಿಟ್ಟರು. ಮಾತೂ ಕಡಿಮೆಯಾಯಿತು. ಮಾಮಾ ಮಾತ್ರ ಹಿತ್ತಲಲ್ಲಿ ಬೈಕಿಗೆ ಸುತ್ತಿಗೆ ಬಡಿಯುತ್ತಲೇ ಇದ್ದರು! ಇಂಥ ಮನುಷ್ಯನಿಗೆ ಏನು ಹೇಳುವುದು? ಒಂದು ಮುಂಜಾನೆ ಜಗಳವಾಡಿಯೇ ಬಿಡುತ್ತೇನೆಂದು ಹೋದೆ.

ಮಾಮಾ ತಮ್ಮ ಮೊಣಕಾಲಿಗೆ ಕಟ್ಟಿಗೆಯ ಪಟ್ಟಿಯನ್ನು ಬಿಗಿದು ಕಟ್ಟಿಕೊಂಡು, ಬೈಕಿನ ಹಿಂದಿನ ಸೀಟು ಹತ್ತಲು ನೋಡುತ್ತಿದ್ದರು. ಹತ್ತಲಾಗದೆ ಬಿದ್ದರು. ಎದ್ದು ಮತ್ತೆ ಹತ್ತಲು ಹೋದರು. ಅಂಗೈ ತರಚಿತ್ತು.

"ಇದೇನ್ ಮಾಮಾ?"

"ನಿಮ್ಮ ಅತ್ತಿ ಕಾಲು ಮಡಚೂದಿಲ್ಲಲ್ಲೋ. ಕಾಲಿಡೋ ಪಾವಟಿಗಿ ಎಷ್ಟು ಕೆಳಗ ಹಚ್ಚಿದ್ರ ಆಕಿ ತಾನ ಹತ್ತತಾಳ, ಗೊತ್ತಾಗವಲ್ದು."

ಆಗ ಬಾಗಿಲಿನಿಂದ ಅತ್ತೆಯ ದನಿ ಕೇಳಿತು.

"ನಂದು ಎಡಗಾಲ್ರಿ. ನೀವು ಬಲಗಾಲು ಕಟಗೊಂಡೀರಿ."

ಮಾಮಾ ಪೆಚ್ಚಾಗಿ ಗಂಟು ಬಿಚ್ಚತೊಡಗಿದರು. ಬಿಗಿದ ಗಂಟು ಬಿಚ್ಚಲೊಲ್ಲದು. ಅತ್ತೆ ಗೋಡೆ ಹಿಡಿದು, ಹೊಸ್ತಿಲು ದಾಟಿ, ಕಾಲೆಳೆಯುತ್ತ ಹಿತ್ತಲಿಗೆ ಬಂದರು.

"ಸರೀರಿ, ನಾನ ಹತ್ತಿ ನೋಡ್ತೀನಿ" ಎಂದು ಅವರ ಹೆಗಲ ಮೇಲೆ ಕೈಯಿಟ್ಟರು.

ನಾನು ಬೈಕನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡೆ.